ಭುಜದ ಹೊಡೆತಕ್ಕೆ ಮುಷ್ಟಿಯ ಉತ್ತರವೇಕೆ?

"ಹಾಗೆ ಹೊಡೆದ ಮೇಲೆ ಲೆಕ್ಕ ಚುಕ್ತಾ ಮಾಡಲೇಬೇಕು."

ಶನಿವಾರ ರಾತ್ರಿಯಿಂದ ಈ ಮಾತು ನನ್ನ ಬೆನ್ನು ಬಿಟ್ಟಿಲ್ಲ. ಹೇಳಿದವರು ಕೆನಡಾದ ಮಿಸಿಸಾಗಾದ ನಮ್ಮ ಪಕ್ಕದ ಮನೆಯ ಹಿರಿಯರು. ನಮ್ಮ ಬಾಗಿಲ ಮುಂದಿನ ಹಿಮವನ್ನೂ ಯಾರೂ ಕೇಳದೆಯೇ ಎತ್ತಿಹಾಕುವವರು, ನನಗೆ ಐಸ್ ಹಾಕಿ ನೋಡಲು ಕಲಿಸಿದವರು. ಅಂಥ ಮೆದು ಮನಸ್ಸಿನವರ ಬಾಯಲ್ಲಿ ಬಂದದ್ದಕ್ಕೇ ಅದು ಇಷ್ಟು ಚುಚ್ಚಿತು.

ಟಿವಿಯಲ್ಲಿ ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಪಂದ್ಯ ನಡೆಯುತ್ತಿತ್ತು. ಒಬ್ಬ ಹುಡುಗ ತಲೆ ಬಗ್ಗಿಸಿ, ಕಣ್ಣನ್ನು ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಮೇಲೆಯೇ ನೆಟ್ಟು ಮಧ್ಯದ ಗೆರೆ ದಾಟುತ್ತಿದ್ದ. ಎದುರಾಳಿ ಡಿಫೆನ್ಸ್‌ಮನ್ ಮೊಣಕೈಯನ್ನು ಮೈಗೆ ಒತ್ತಿಕೊಂಡು, ಜಿಗಿಯದೆ, ನೇರವಾಗಿ ಎದೆಗೆ ಭುಜ ಕೊಟ್ಟ. ಹುಡುಗ ಮಂಜಿನ ಮೇಲೆ ಅಂಗಾತ ಬಿದ್ದ. ತಪ್ಪು ಸೂಚಿಸಲು ರೆಫರಿಯ ಕೈ ಮೇಲೇಳಲಿಲ್ಲ. ಬಿದ್ದವನು ಎದ್ದು ಬೆಂಚಿನತ್ತ ಹೊರಟಿದ್ದ. ಅಷ್ಟರಲ್ಲಿ ಅವನ ತಂಡದ ಇನ್ನೊಬ್ಬ ನುಗ್ಗಿ ಬಂದು, ಗ್ಲೌಸ್ ಕಿತ್ತೆಸೆದು, ಡಿಫೆನ್ಸ್‌ಮನ್‌ನ ಜೆರ್ಸಿಗೆ ಕೈ ಹಾಕಿದ. ಇಬ್ಬರಿಗೂ ಐದೈದು ನಿಮಿಷ ಆಟದಿಂದ ಹೊರಗಿರುವ ಶಿಕ್ಷೆ.

"ಅದು ಕ್ಲೀನ್ ಹಿಟ್ ಅಲ್ಲವೇ, ನಿಯಮದೊಳಗಿನ ಡಿಕ್ಕಿ?" ಎಂದು ಕೇಳಿದೆ.

"ಅಪ್ಪಟ ಕ್ಲೀನ್."

"ಮತ್ತೆ ಹೊಡೆದಾಟ ಏಕೆ?"

ಆಗ ಬಂತು ಆ ಲೆಕ್ಕದ ಮಾತು. ಅವರ ಜೊತೆಗಿದ್ದ ಗೆಳೆಯರಂತೂ ಮೇಜು ಗುದ್ದಿ ಹೌದೆಂದರು. ಅವರಿಗೆ ಆಟಕ್ಕಿಂತ ಗುದ್ದಾಟವೇ ಪ್ರಿಯ ಎಂಬುದು ನನ್ನ ಬಹುಕಾಲದ ಅನುಮಾನ.

ಹಿಂದಿನಿಂದ ತಳ್ಳಿದವನನ್ನು, ಕೋಲಿನಿಂದ ಮುಖಕ್ಕೆ ಬಾರಿಸಿದವನನ್ನು ತಂಡದವರು ತಡೆದು ಕೇಳುವುದು ನನಗೆ ಅರ್ಥವಾಗುತ್ತದೆ. ರೆಫರಿಯ ಕಣ್ಣು ಎಲ್ಲ ಕಡೆ ಇರುವುದಿಲ್ಲ. ಆದರೆ ನಿಯಮ ಪಾಲಿಸಿದವನಿಗೂ ಅದೇ ಶಿಕ್ಷೆಯಾದರೆ ನಿಯಮ ಪಾಲಿಸಿ ಏನು ಬಂತು? ಕಬಡ್ಡಿಯಲ್ಲಿ ರೈಡರ್‌ನನ್ನು ನೆಲಕ್ಕೆ ಕೆಡವಿದವನ ಕೊರಳಪಟ್ಟಿಯನ್ನು ಯಾರೂ ಹಿಡಿಯುವುದಿಲ್ಲ. ಜಗಳ ಶುರುಮಾಡಿದವನಿಗೆ ಹೆಚ್ಚುವರಿ ಎರಡು ನಿಮಿಷ ಮತ್ತು ಹತ್ತು ನಿಮಿಷದ ದುರ್ವರ್ತನೆ ಶಿಕ್ಷೆ ಕೊಡುವ ನಿಯಮ ಎನ್‌ಎಚ್‌ಎಲ್ ಪುಸ್ತಕದಲ್ಲಿದೆ. ಅದನ್ನು ರೆಫರಿಗಳು ಜಾರಿಗೊಳಿಸುವುದೇ ಅಪರೂಪ. ಅಂದೂ ಜಾರಿಗೊಳಿಸಲಿಲ್ಲ.

ಇನ್ನು ಆ ಲೆಕ್ಕ ನಿಜವಾಗಿಯೂ ಚುಕ್ತಾ ಆಗುತ್ತದೆಯೇ? 2004ರ ಫೆಬ್ರವರಿಯಲ್ಲಿ ಕೊಲರಾಡೊದ ಸ್ಟೀವ್ ಮೂರ್, ವ್ಯಾಂಕೂವರ್ ನಾಯಕ ಮಾರ್ಕಸ್ ನಾಸ್ಲಂಡ್‌ಗೆ ಡಿಕ್ಕಿ ಕೊಟ್ಟ. ನಾಸ್ಲಂಡ್ ತಲೆಗೆ ಪೆಟ್ಟಾಯಿತು. ರೆಫರಿ ಪೆನಾಲ್ಟಿ ಕೊಡಲಿಲ್ಲ, ಲೀಗ್ ಕೂಡ ಶಿಸ್ತುಕ್ರಮ ಕೈಗೊಳ್ಳಲಿಲ್ಲ. ಮಾರ್ಚ್ 8ರಂದು ವ್ಯಾಂಕೂವರ್‌ನಲ್ಲಿ ಎರಡೂ ತಂಡಗಳು ಎದುರಾದಾಗ, ಮೊದಲ ಅವಧಿಯಲ್ಲೇ ಮೂರ್ ಗ್ಲೌಸ್ ಕಳಚಿ ವ್ಯಾಂಕೂವರ್‌ನ ಮ್ಯಾಟ್ ಕುಕ್ ಜೊತೆ ಗುದ್ದಾಡಿದ. ನೆರೆಯವರ ನೀತಿಯ ಪ್ರಕಾರ ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮೂರನೆಯ ಅವಧಿಯಲ್ಲಿ ವ್ಯಾಂಕೂವರ್‌ನ ಟಾಡ್ ಬರ್ಟುಝಿ ಮೂರ್‌ಗೆ ಹಿಂದಿನಿಂದ ಗುದ್ದಿ, ಅವನ ಮೇಲೆಯೇ ಬಿದ್ದ. ಮೂರ್‌ನ ಕತ್ತಿನ ಮೂರು ಕಶೇರುಗಳು ಮುರಿದವು. ಮತ್ತೆಂದೂ ಅವನು ಎನ್‌ಎಚ್‌ಎಲ್‌ನಲ್ಲಿ ಆಡಲಿಲ್ಲ. ಇದನ್ನು ನೆನೆದಾಗಲೆಲ್ಲ ನನ್ನ ಹೊಟ್ಟೆ ತೊಳಸುತ್ತದೆ.

ಅದೇ ಕುಕ್ 2010ರ ಮಾರ್ಚ್‌ನಲ್ಲಿ ಬಾಸ್ಟನ್‌ನ ಮಾರ್ಕ್ ಸವಾರ್ಡ್‌ನ ತಲೆಗೆ ಡಿಕ್ಕಿ ಕೊಟ್ಟ. ಆಗಿನ ನಿಯಮದಲ್ಲಿ ಅದಕ್ಕೆ ಶಿಕ್ಷೆಯೇ ಇರಲಿಲ್ಲ. ಆಟಗಾರನಿಗೆ ಕಾಣದ ಬದಿಯಿಂದ ತಲೆಗೆ ಗುರಿಯಿಟ್ಟು ಹೊಡೆಯುವುದನ್ನು ಲೀಗ್ ಅದೇ ತಿಂಗಳು ನಿಷೇಧಿಸಿತು. ಆಟಗಾರರ ತಲೆಯನ್ನು ಕಾಯುವ ದಾರಿ ಇದು: ನಿಯಮ ತಿದ್ದುವುದು, ತಿದ್ದಿದ್ದನ್ನು ಜಾರಿಗೊಳಿಸುವುದು. ಮುಷ್ಟಿಗಳು ಇಷ್ಟು ದಶಕಗಳಲ್ಲಿ ಯಾರ ತಲೆಯನ್ನು ಕಾಪಾಡಿದವು?

ಇದನ್ನೆಲ್ಲ ನೆರೆಯವರಿಗೆ ಹೇಳಿದೆ. ಮೂರ್ ಹೆಸರು ಕೇಳಿ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆದರೂ ನಮ್ಮ ಹುಡುಗ ಬಿದ್ದಿರುವಾಗ ಕೈಕಟ್ಟಿ ನಿಲ್ಲುವುದು ಹೇಗೆ?" ಎಂದರು.

ಕೈಕಟ್ಟಿ ನಿಲ್ಲುವುದು ಬೇಡ. ಮುಂದಿನ ಸರದಿಯಲ್ಲಿ ಪಕ್ ಆ ಡಿಫೆನ್ಸ್‌ಮನ್ ಬಳಿ ಇರುವಾಗ, ಮೊಣಕೈ ಒಳಗಿಟ್ಟು, ಎದೆಗೆ ಭುಜ ಕೊಟ್ಟು ಅವನನ್ನೂ ಕೆಡವಲಿ. ಆಗ ಎಲ್ಲರಿಗಿಂತ ಮೊದಲು ಎದ್ದು ಚಪ್ಪಾಳೆ ತಟ್ಟುವವಳು ನಾನೇ.