ಯೀಸ್ಟ್ ಹಾಕದೇ ಉಳಿದ ಬಿಯರ್

ಕೆಲಸದ ಮೇಲೆ ಆರು ತಿಂಗಳು ಬೆಲ್ಜಿಯಂನ ಲ್ಯೂವೆನ್‌ನಲ್ಲಿದ್ದಾಗ ರೂಮ್‌ಮೇಟ್ ಜೊತೆ ಎರಡು ಸಲ ಬಿಯರ್ ಮಾಡಿದ್ದೆ. ಅಲ್ಲಿ ಅದೇನು ದೊಡ್ಡ ವಿಷಯ ಅಲ್ಲ. ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಪುಡಿ ಮಾಡಿದ್ದೇ ಅಂಗಡಿಯಲ್ಲಿ ಸಿಗುತ್ತದೆ. ನನಗೆ ಹಿಡಿಸಿದ್ದು ವಿಟ್‌ಬಿಯರ್. ಅರ್ಧ ಬಾರ್ಲಿ ಮಾಲ್ಟ್, ಹೆಚ್ಚುಕಡಿಮೆ ಅರ್ಧ ಹಸಿ ಗೋಧಿ, ಅದಕ್ಕೆ ಕಿತ್ತಳೆ ಸಿಪ್ಪೆ, ಜೊತೆಗೆ ಹವೀಜ, ಅಂದರೆ ಕೊತ್ತಂಬರಿ ಬೀಜ. ಹೌದು, ಅವ್ವ ಸಾರಿನ ಪುಡಿಗೆ ಹುರಿಯುವ ಅದೇ ಹವೀಜ. ಲ್ಯೂವೆನ್ ಹತ್ತಿರದ ಹೂಗಾರ್ಡನ್ ಅನ್ನೋ ಊರಿನ ಬಿಯರ್ ಇದು. ಹೆಸರು ಕೇಳಿದರೆ ನಮ್ಮ ಕಡೆಯ ಹೂಗಾರ ಓಣಿ ನೆನಪಾಗುತ್ತೆ, ಅಲ್ವಾ? 1950ರ ದಶಕದಲ್ಲಿ ಅಲ್ಲಿ ಇದನ್ನು ಮಾಡುತ್ತಿದ್ದ ಕೊನೆಯ ಬ್ರೂವರಿಯೂ ಮುಚ್ಚಿತ್ತು. ಮನೆಮನೆಗೆ ಹಾಲು ಹಾಕುತ್ತಿದ್ದ ಪಿಯರ್ ಸೆಲಿಸ್ ಅನ್ನುವವನು 1960ರ ದಶಕದಲ್ಲಿ ಮತ್ತೆ ಶುರು ಮಾಡಿದ. ಹಾಲಿನವನ ಕೈಲಿ ಆಗಿದ್ದು ನನ್ನ ಕೈಲಿ ಯಾಕಾಗಲ್ಲ ಅಂದುಕೊಂಡು, ಸಿಹಿನೀರನ್ನು ಹುದುಗಿಸಿ ಬಿಯರ್ ಮಾಡುವ ಯೀಸ್ಟ್‌ನ ಒಂದು ಪೊಟ್ಟಣ ಬ್ಯಾಗಿಗೆ ಹಾಕಿಕೊಂಡು ಧಾರವಾಡಕ್ಕೆ ಬಂದೆ.

ಮಾಲ್ಟ್ ಮನೆಯಲ್ಲೇ ಮಾಡೋಣ ಅಂತ ಅಂಗಡಿಯಿಂದ ಬಾರ್ಲಿ ತಂದು ನೆನೆಹಾಕಿದೆ. ಎರಡು ದಿನ ಕಾದೆ. ಮೊಳಕೆ ಬರಲಿಲ್ಲ, ಹುಳಿ ವಾಸನೆ ಬಂತು. ಆಮೇಲೆ ಹೊಳೆಯಿತು, ಅಂಗಡಿಯ ಬಿಳಿ ಬಾರ್ಲಿ ಪಾಲಿಶ್ ಮಾಡಿದ್ದು, ಮೊಳಕೆ ಬರುವ ಭಾಗವೇ ಉಜ್ಜಿ ಹೋಗಿರುತ್ತೆ. ಬಾರ್ಲಿಗೆ ನಮ್ಮಲ್ಲಿ ಜವೆ ಅಂತಾರೆ. ಸಿಪ್ಪೆ ಇರೋ ಜವೆ ಕೊಡ್ರಿ ಅಂತ ಮತ್ತೊಂದು ಅಂಗಡಿಗೆ ಹೋದರೆ ಅವರು ಕೊಟ್ಟಿದ್ದು ಜವೆ ಗೋಧಿ. ಹುಗ್ಗಿಗೆ ಹಾಕ್ತೀವಲ್ಲ, ಅದು. ಅವ್ವನಿಗೆ ಖುಷಿಯೋ ಖುಷಿ. ಕೊನೆಗೆ ನಿಜವಾದ ಜವೆ ಸಿಕ್ಕಿದ್ದು ಹುಬ್ಬಳ್ಳಿಯ ಒಂದು ಪೂಜಾ ಸಾಮಾನಿನ ಅಂಗಡಿಯಲ್ಲಿ, ಹೋಮಕ್ಕೆ ಅಂತ ಕಟ್ಟಿಟ್ಟ ಅರ್ಧ ಕಿಲೋ ಪ್ಯಾಕೆಟ್.

ಅದು ಮೊಳಕೆ ಬಂತು ನೋಡಿ! ಒದ್ದೆ ಪಂಚೆಯೊಳಗೆ ಮೂರನೇ ದಿನಕ್ಕೆ ಪ್ರತಿ ಕಾಳಿನ ತುದಿಯಲ್ಲೂ ಬಿಳಿ ಬೇರು, ಮೀಸೆ ಥರ. ಆದರೆ ನೋಡಬೇಕಾದದ್ದು ಬೇರನ್ನಲ್ಲ. ಚಿಗುರು ಸಿಪ್ಪೆಯ ಒಳಗೇ ಬೆನ್ನಗುಂಟ ಬೆಳೆಯುತ್ತದೆ, ಅದು ಹೆಚ್ಚುಕಡಿಮೆ ಕಾಳಿನಷ್ಟೇ ಉದ್ದ ಆದಾಗ ನಿಲ್ಲಿಸಿ ಒಣಗಿಸಬೇಕು. ಉಗುರಲ್ಲಿ ಸಿಪ್ಪೆ ಸುಲಿದು ಸುಲಿದು ನೋಡುತ್ತಾ ಕೂತಿದ್ದೆ. ಅವ್ವ ಬಂದು ನೋಡಿ, "ಘಟಕ್ಕ ಹಾಕಿದಂಗ ಆಗೇತಲ್ಲೋ, ಇದನ್ನ ಏನ್ ಮಾಡಾಂವಾ?" ಅಂದಳು. ಬಾರ್ಲಿ ಗಂಜಿ ಅಂದೆ. ಪೂರ್ತಿ ಸುಳ್ಳೇನಲ್ಲ.

ಒಣಗಿಸೋದು ಇನ್ನೊಂದು ಗೋಳು. ಧಾರವಾಡದ ಮಳೆ ನಿಮಗೆ ಗೊತ್ತಲ್ಲ, ಮಾಳಿಗೆ ಮೇಲೆ ಹರವಿದರೆ ಹತ್ತು ನಿಮಿಷಕ್ಕೆ ಜಿಟಿಜಿಟಿ. ಫ್ಯಾನ್ ಕೆಳಗೆ ಎರಡು ದಿನ ಇಟ್ಟು, ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಕೈಲಿ ತಿಕ್ಕಿ ಬೇರು ಉದುರಿಸಿ, ಮೊರದಲ್ಲಿ ಕೇರಿದೆ. ಮಿಕ್ಸಿಗೆ ಹಾಕಲಿಲ್ಲ. ಹಿಟ್ಟಾದರೆ ಸೋಸೋಕೆ ಆಗಲ್ಲ, ಸಿಪ್ಪೆ ಇಡಿಯಾಗಿ ಉಳಿದರೆ ಅದೇ ಜರಡಿ. ಅಜ್ಜಿಯ ಬೀಸುಕಲ್ಲಿನಲ್ಲಿ ನುಚ್ಚು ಒಡೆದೆ, ಜವೆ ಗೋಧಿಯನ್ನೂ ಅದರಲ್ಲೇ.

ಭಾನುವಾರ ಬೆಳಿಗ್ಗೆ ಎರಡನ್ನೂ ಮೂರು ಲೀಟರ್ ಬಿಸಿನೀರಿಗೆ ಹಾಕಿದೆ. 65 ಡಿಗ್ರಿ ಸುಮಾರಿಗೆ ಒಂದು ತಾಸು ಇರಬೇಕು. ಅಷ್ಟರಲ್ಲಿ ಮೊಳಕೆಯೊಳಗಿನ ಕಿಣ್ವ ಪಿಷ್ಟವನ್ನೆಲ್ಲ ಸಕ್ಕರೆ ಮಾಡುತ್ತೆ. ಜಾಸ್ತಿ ಬಿಸಿಯಾದರೆ ಕಿಣ್ವ ಸತ್ತುಹೋಗುತ್ತೆ, ಆರಿದರೆ ಕೆಲಸ ನಿಧಾನ. ಪಾತ್ರೆಗೆ ಅಜ್ಜಿಯ ಕೌದಿ ಸುತ್ತಿ ಮೂಲೆಯಲ್ಲಿ ಇಟ್ಟೆ, ಕೂಸು ಮಲಗಿಸಿದ ಹಾಗೆ. ತಾಸಿನ ಮೇಲೆ ಮುಚ್ಚಳ ತೆಗೆದರೆ ಗಂಜಿ ತೆಳ್ಳಗಾಗಿತ್ತು. ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಸಕ್ಕರೆ ಒಂದು ಕಾಳೂ ಹಾಕಿಲ್ಲ, ಜೋನಿ ಬೆಲ್ಲದ ನೀರಿನಷ್ಟು ಸಿಹಿ. ಅಡುಗೆಮನೆಯಲ್ಲಿ ಒಬ್ಬನೇ ನಕ್ಕೆ.

ಸೋಸಿ ಕುದಿಸಿದೆ. ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಹೂವು ಇಲ್ಲಿ ಸಿಗಲಿಲ್ಲ, ಬಿಟ್ಟೆ. ಇಳಿಸೋಕೆ ಐದು ನಿಮಿಷ ಇದ್ದಾಗ ಜಜ್ಜಿದ ಹವೀಜ, ಒಣಗಿದ ಕಿತ್ತಳೆ ಸಿಪ್ಪೆ. ವಾಸನೆ ಹಾಲ್ ದಾಟಿ ಬಾಗಿಲಿಗೆ ಹೋಯಿತು, ಅದೇ ಹೊತ್ತಿಗೆ ಬಾಗಿಲಲ್ಲಿ ಕಾಕಾ. ವಕೀಲರು. ಪಾತ್ರೆ ತಣ್ಣೀರಲ್ಲಿ ಆರುತ್ತಿದೆ, ಪಕ್ಕದಲ್ಲಿ ಯೀಸ್ಟ್ ಪೊಟ್ಟಣ, ಪೊಟ್ಟಣದ ಮೇಲೆ ಬಿಯರ್ ಗ್ಲಾಸಿನ ಚಿತ್ರ.

"ತಮ್ಮಾ, ಇದು ಕಷಾಯ ಅಲ್ಲ."

"ಇನ್ನೂ ಆಗಿಲ್ಲ ಕಾಕಾ, ಬರೇ ಸಿಹಿನೀರು."

"ಆ ಪುಡಿ ಹಾಕಿದಿ ಅಂದ್ರ ಆತು. ಅಬಕಾರಿ ಕಾಯ್ದೆ, 1965. ಲೈಸೆನ್ಸ್ ಇಲ್ದ ಮನ್ಯಾಗ ಮಾಡಂಗಿಲ್ಲ. ಒಂದ ಬಾಟ್ಲಿ ಆದ್ರೂ ಅಷ್ಟ."

ನಿಜ ಹೇಳಬೇಕೆಂದರೆ ಈ ವಿಷಯ ನಾನು ಯೋಚಿಸಿಯೇ ಇರಲಿಲ್ಲ. ಲ್ಯೂವೆನ್ ಅಡುಗೆಮನೆಯ ಗುಂಗಿನಲ್ಲೇ ಇದ್ದೆ. ವಾದ ಮಾಡೋಣ ಅಂದರೆ ಕಾಕಾನ ಜೊತೆ ವಾದ ಮಾಡಿ ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಪೊಟ್ಟಣ ಮತ್ತೆ ಫ್ರಿಜ್ಜಿಗೆ ಹೋಯಿತು, ಇಡ್ಲಿ ಹಿಟ್ಟಿನ ಪಕ್ಕಕ್ಕೆ.

ಸಿಹಿನೀರನ್ನು ಮೂವರೂ ಲೋಟದಲ್ಲಿ ಕುಡಿದೆವು. ಕಾಕಾ ಎರಡನೇ ಲೋಟ ಕೇಳಿದರು. ಅವ್ವ ಒಂದು ಗುಟುಕು ಕುಡಿದು, "ಹವೀಜ ಜಾಸ್ತಿ ಆತು" ಅಂದಳು, ಮತ್ತೇನೂ ಕೇಳಲಿಲ್ಲ. ಸೋಸಿ ಉಳಿದ ಗಸಿಯನ್ನು ಪಕ್ಕದ ಮನೆಯ ಎಮ್ಮೆಗೆ ಕೊಟ್ಟು ಬಂದೆ. ಮರುದಿನ ಬೆಳಿಗ್ಗೆ ಹಾಲು ಹಾಕೋಕೆ ಬಂದ ಆ ಮನೆಯವರು ಗೇಟಿನಲ್ಲೇ ನಿಂತು ಕೇಳಿದರು, "ಮತ್ತ ಯಾವಾಗ ಮಾಡ್ತೀರಿ ಅದನ್ನ?"