ಸೂರಿನ ಕಡಜಕ್ಕೆ ಸೂಡಿ ಹಿಡಿಯುವ ಮೊದಲು

ಮಳೆ ಹಿಂದೆ ಸರಿದು ತೋಟದ ಕಳೆ ಸವರುವ ಹೊತ್ತಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕಡಜ ಕಚ್ಚಿಸಿಕೊಂಡವರ ಸುದ್ದಿ ಶುರುವಾಗುತ್ತದೆ. ಕುಮಟಾ, ಅಂಕೋಲಾ, ಕಾರವಾರದ ಹಂಚಿನ ಮನೆಗಳಿಗೂ, ತಾರಸಿ ಮನೆಗಳ ಟ್ಯಾಂಕಿಗೂ ಇದರ ಕಾಟ ತಪ್ಪಿದ್ದಲ್ಲ. ಆದರೆ ಏನನ್ನೂ ಮಾಡದವರ ಮೇಲೆ ಕಡಜ ಸುಮ್ಮನೆ ಎರಗುವುದು ಅಪರೂಪ. ಹಾಡಹಗಲೇ ಕಲ್ಲು ಬೀರುವುದು, ಸೀಮೆಎಣ್ಣೆ ಸೂಡಿ ಹಿಡಿಯುವುದು, ಗೂಡಿನ ಬುಡಕ್ಕೇ ಕಳೆ ಯಂತ್ರ ಒಯ್ಯುವುದು, ಅನಾಹುತ ಶುರುವಾಗುವುದು ಇಲ್ಲೆಲ್ಲ. ಮೊದಲು ಗೂಡು ಯಾವುದೆಂದು ನೋಡಿ. ತೆಗೆಯಲೇಬೇಕಾದ ಗೂಡುಗಳು ನೀವು ಅಂದುಕೊಂಡಷ್ಟಿಲ್ಲ.

ಗೋಡೆ, ಕಿಟಕಿ ಚೌಕಟ್ಟು, ದೇವರ ಪಟದ ಹಿಂದೆ ಮಣ್ಣಿನ ಉಂಡೆಯಂತೆ ಅಂಟಿರುವುದು ಕುಂಬಾರ ಹುಳದ ಗೂಡು. ಇದು ಒಂಟಿ ಜೀವಿ. ಕಾಯಲು ಸೈನ್ಯವಿಲ್ಲ, ಕೈಯಲ್ಲಿ ಹಿಡಿದು ಹಿಸುಕದ ಹೊರತು ಕಚ್ಚುವುದೂ ಇಲ್ಲ. ಒಳಗೆ ಮರಗಟ್ಟಿಸಿದ ಜೇಡವನ್ನೋ ಹಸಿರು ಹುಳವನ್ನೋ ತುಂಬಿ ಮೊಟ್ಟೆಯಿಟ್ಟು ಬಾಯಿ ಮುಚ್ಚುತ್ತದೆ. ಮರಿ ಅದನ್ನೇ ತಿಂದು ಬೆಳೆದು ರೆಕ್ಕೆ ಬಲಿತ ಮೇಲೆ ತೂತು ಕೊರೆದು ಬರುತ್ತದೆ. ಕೀಟವೇ ಭ್ರಮರವಾಯಿತೆಂದು ಹಿರಿಯರು ಹೇಳುತ್ತಿದ್ದುದರ ಗುಟ್ಟು ಇಷ್ಟೆ. ತೂತು ಬಿದ್ದ ಗೂಡು ಖಾಲಿ, ಹಗಲಿನಲ್ಲೇ ಕೆರೆದು ಹಾಕಬಹುದು. ಪ್ಲಗ್ಗಿನ ತೂತಿಗೆ ಮಣ್ಣು ಮೆತ್ತಿದ್ದರೆ ಮಾತ್ರ ಮೇನ್ ಸ್ವಿಚ್ ಆಫ್ ಮಾಡದೆ ಮುಟ್ಟಬೇಡಿ.

ಎರಡನೆಯದು ಸೂರಿನ ಅಡಿ, ಪಕಾಸಿಯ ಸಂದು, ಸಿಂಟೆಕ್ಸ್ ಮುಚ್ಚಳದ ಒಳಮೈಯಲ್ಲಿ ಸಣ್ಣ ತೊಟ್ಟಿನಿಂದ ನೇತಾಡುವ ಬೂದು ಬಣ್ಣದ ಹುಟ್ಟು. ಹೊದಿಕೆಯಿಲ್ಲ, ಕೋಣೆಗಳು ಕಣ್ಣಿಗೇ ಕಾಣುತ್ತವೆ. ಮರದ ನಾರನ್ನು ಜೊಲ್ಲಿನಲ್ಲಿ ಅಗಿದು ಮಾಡಿದ ಕಾಗದದಂಥ ವಸ್ತು. ಸಪೂರ ಸೊಂಟದ, ಕೆಂಗಂದು ಬಣ್ಣದ ಈ ಕಡಜಗಳಲ್ಲಿ ಒಂದು ಜಾತಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ದಶಕಗಳ ಕಾಲ ಅಭ್ಯಸಿಸಿದ್ದಾರೆ. ಮನೆಯವರಿಗೆ ಅದರಿಂದ ತಿಳಿಯಬೇಕಾದದ್ದು ಎರಡು. ಇದು ವರ್ಷದ ಯಾವ ಕಾಲದಲ್ಲೂ ಗೂಡು ಕಟ್ಟೀತು. ರಾಣಿ ಸತ್ತರೆ ಕೆಲಸಗಾರ ಹುಳಗಳಲ್ಲೇ ಒಂದು ಆ ಜಾಗಕ್ಕೆ ಬರುತ್ತದೆ. ಹಾಗಾಗಿ ಕೋಲಿನಿಂದ ಹುಟ್ಟನ್ನಷ್ಟೇ ಉದುರಿಸಿ ಓಡಿದರೆ ಉಳಿದವು ಪಕ್ಕದಲ್ಲೇ ಮತ್ತೆ ಶುರು ಮಾಡುತ್ತವೆ.

ಆಳೆತ್ತರಕ್ಕಿಂತ ಮೇಲೆ, ಓಡಾಟವಿಲ್ಲದ ಕಡೆ ಇದ್ದರೆ ಇವನ್ನು ಬಿಟ್ಟುಬಿಡಿ. ತರಕಾರಿ ಗಿಡದ ಎಲೆತಿನ್ನುವ ಹುಳಗಳೇ ಇವುಗಳ ಮರಿಗೆ ಆಹಾರ.

ಮೂರನೆಯದಾದ ದೊಡ್ಡ ಕಡಜವೇ ನಿಜವಾದ ಅಪಾಯ. ಒಂದಂಗುಲದಷ್ಟು ಉದ್ದ, ಕಪ್ಪು ಮೈ, ಹೊಟ್ಟೆಗೆ ಅಗಲವಾದ ಹಳದಿ ಪಟ್ಟೆ. ಒಂದು ಜಾತಿ ಹುತ್ತ, ಮಣ್ಣಿನ ಪೊಟ್ಟು, ಮರದ ಪೊಟರೆಯೊಳಗೆ ಇರುತ್ತದೆ. ಇನ್ನೊಂದು ಮರದ ಕೊಂಬೆಗೆ, ಕೆಲವೊಮ್ಮೆ ಮನೆಯ ಸೂರಿಗೆ, ಕೊಡದ ಗಾತ್ರದ ಗೂಡು ಕಟ್ಟುತ್ತದೆ. ಮೈತುಂಬ ಕಂದು ಅಲೆಗಳಂಥ ಪದರ, ಪಕ್ಕದಲ್ಲೊಂದೇ ಬಾಗಿಲು. ಆ ಪದರಗಳೇ ತೊಡಕು. ಹೊರಗಿನಿಂದ ಹೊಡೆದ ಔಷಧಿ ಒಳಗಿನ ಹುಟ್ಟಿಗೆ ತಲುಪುವುದಿಲ್ಲ, ಹುಳ ಮಾತ್ರ ಎದ್ದು ಬರುತ್ತದೆ. ಜೇನಿನ ಹಾಗೆ ಮುಳ್ಳು ಬಿಟ್ಟು ಸಾಯುವುದಿಲ್ಲ, ಒಂದೇ ಹುಳ ಮತ್ತೆ ಮತ್ತೆ ಕುಟುಕುತ್ತದೆ. ಜೊತೆಗೆ ಹೊರಬೀಳುವ ವಾಸನೆ ಉಳಿದವನ್ನೂ ಕೆರಳಿಸುತ್ತದೆ. ಇದನ್ನು ನೀವೇ ತೆಗೆಯಲು ಹೋಗಬೇಡಿ. ಸುತ್ತ ಹಗ್ಗ ಕಟ್ಟಿ, ಮಕ್ಕಳನ್ನೂ ದನವನ್ನೂ ಆ ಕಡೆ ಬಿಡದೆ, ಕೀಟ ನಿಯಂತ್ರಣದವರನ್ನೋ ರಕ್ಷಣಾ ಉಡುಪಿರುವ ಅನುಭವಿಗಳನ್ನೋ ಕರೆಸಿ. ಜನರ ಮೇಲೆ ಎರಗುತ್ತಿದ್ದರೆ 112ಕ್ಕೆ ಫೋನ್ ಮಾಡಿ.

ಮಿಸರಿ, ತುಡುವೆ ಜೇನು ಬಂದು ಕೂತಿದ್ದರೆ ಕೊಲ್ಲಬೇಡಿ. ನಮ್ಮ ಜಿಲ್ಲೆಯಲ್ಲಿ ಪೆಟ್ಟಿಗೆ ಹಿಡಿದು ಬಂದು ಒಯ್ಯುವವರಿಗೆ ಬರವಿಲ್ಲ.

ಉಳಿದದ್ದು ಎರಡನೆಯ ಬಗೆಯ, ತೊಟ್ಟಿನಿಂದ ನೇತಾಡುವ ಗೂಡು, ಅದೂ ಬಾಗಿಲ ನೆತ್ತಿಯ ಮೇಲೋ ಬಚ್ಚಲಮನೆ ದಾರಿಯಲ್ಲೋ ಇದ್ದು ತೆಗೆಯಲೇಬೇಕಾದಾಗ. ಅಂಗೈ ಅಗಲದೊಳಗಿದ್ದು, ನೆಲದ ಮೇಲೆ ನಿಂತೇ ಎಟುಕುವಂತಿದ್ದರೆ ಮಾತ್ರ ಕೈ ಹಾಕಿ. ಏಣಿ ಬೇಡವೇ ಬೇಡ. ಒಂದು ಹುಳ ಮುಖಕ್ಕೆ ಬಂದರೆ ಕಚ್ಚುವುದಕ್ಕಿಂತ ಬೀಳುವುದೇ ದೊಡ್ಡ ಪೆಟ್ಟು. ಮನೆಯಲ್ಲಿ ಯಾರಿಗಾದರೂ ಹಿಂದೆ ಕಡಜ, ಜೇನು ಕಚ್ಚಿ ಉಸಿರು ಕಟ್ಟಿದ್ದಿದ್ದರೆ ಅವರು ಈ ಕೆಲಸದ ಹತ್ತಿರವೂ ಸುಳಿಯಬಾರದು.

ಐದು ಲೀಟರ್ ನೀರಿಗೆ 150ರಿಂದ 200 ಮಿ.ಲೀ. ಪಾತ್ರೆ ತೊಳೆಯುವ ದ್ರವ ಸೋಪು ಸಾಕು. ಮೊದಲು ನೀರು, ಆಮೇಲೆ ಸೋಪು; ತಿರುವುಮುರುವಾದರೆ ಬರೀ ನೊರೆ. ಸೋಪಿನ ನೀರು ಹುಳದ ಮೈಗೆ ಅಂಟಿ ಪಕ್ಕೆಯ ಉಸಿರಾಟದ ರಂಧ್ರಗಳನ್ನು ಕಟ್ಟುತ್ತದೆ, ರೆಕ್ಕೆ ತೊಯ್ದು ಹಾರಲೂ ಆಗದು. ಬೆನ್ನಿಗೆ ಹಾಕುವ ಪಂಪಿಗೆ ಉದ್ದ ಕೋಲಿರುವುದರಿಂದ ಅದೇ ಅನುಕೂಲ, ಆದರೆ ಕಳೆನಾಶಕ ಹೊಡೆದ ಪಂಪು ಬೇಡ. ಹಗಲಿನಲ್ಲೇ ಬೇರೆ ಗೋಡೆಗೆ ಹೊಡೆದು ನಾಜಲ್ ಹದ ಮಾಡಿಕೊಳ್ಳಿ. ಮಂಜಿನಂತೆ ಹೋದರೆ ಹುಳ ತೊಯ್ಯುವ ಮೊದಲೇ ಏಳುತ್ತದೆ, ಸಪೂರ ಧಾರೆಯಾದರೆ ತೊಟ್ಟು ಮುರಿದು ಹುಟ್ಟು ನಿಮ್ಮ ಕಾಲಬುಡಕ್ಕೇ ಬೀಳುತ್ತದೆ.

ಕತ್ತಲಾಗಿ ಒಂದು ಗಂಟೆ ಕಳೆದ ಮೇಲೆ, ಹುಳವೆಲ್ಲ ಗೂಡಿಗೆ ಸೇರಿರುವಾಗ ಶುರು ಮಾಡಿ. ಟೋಪಿಯಿರುವ ರೇನ್‌ಕೋಟು, ಗಂಬೂಟಿನೊಳಗೆ ಸೇರಿಸಿದ ಪ್ಯಾಂಟು, ರಬ್ಬರ್ ಗ್ಲೌಸ್, ಅಂಚಿನ ಟೋಪಿಯ ಮೇಲಿಂದ ಇಳಿಬಿಟ್ಟ ಮುಖಪರದೆ. ಪರದೆ ಮೂಗಿಗೆ ತಾಗಿದರೆ ಅದರ ಮೇಲಿಂದಲೇ ಕುಟುಕುತ್ತದೆ. ಟಾರ್ಚ್ ಕೈಯಲ್ಲಾಗಲಿ ಹಣೆಯಲ್ಲಾಗಲಿ ಬೇಡ, ಎದ್ದ ಹುಳ ಬೆಳಕಿಗೇ ಬರುತ್ತದೆ. ಕೆಂಪು ಜಿಲೇಟಿನ್ ಕಾಗದ ಸುತ್ತಿ ದೂರದ ಕಟ್ಟೆಯ ಮೇಲಿಡಿ. ಜಗುಲಿಯ ದೀಪ ಆರಿಸಿ, ಕಿಟಕಿ ಮುಚ್ಚಿ, ನೀವು ಒಳಹೋಗುವ ಬಾಗಿಲು ಮಾತ್ರ ತೆರೆಯುವಂತಿರಲಿ.

ಎರಡು ಮೀಟರ್ ದೂರದಲ್ಲಿ, ಗೂಡಿನ ನೇರ ಕೆಳಗೆ ಬಾರದಂತೆ ಓರೆಯಾಗಿ ನಿಂತು, ನಿಲ್ಲಿಸದೆ ಅರ್ಧದಿಂದ ಒಂದು ನಿಮಿಷ ಹೊಡೆಯಿರಿ. ಹತ್ತು ನಿಮಿಷ ಒಳಗೆ ಕೂತು ಬನ್ನಿ. ಹುಟ್ಟನ್ನು ಕೋಲಿನಿಂದ ತಪ್ಪಿಸಿ ಸೋಪು ನೀರಿನ ಬಕೆಟ್ಟಿಗೆ ಬೀಳಿಸಿ, ರಾತ್ರಿಯಿಡೀ ಮುಳುಗಿರಲಿ, ಇಲ್ಲದಿದ್ದರೆ ಮುಚ್ಚಿದ ಕೋಣೆಯ ಮರಿಗಳು ಹೊರಬರುತ್ತವೆ. ಕಾರ್ಬನ್ ಫೈಬರ್ ದೋಟಿ ಬಳಸುವವರು ಕರೆಂಟಿನ ತಂತಿ ನೋಡಿಕೊಳ್ಳಿ, ಆ ದೋಟಿಯಲ್ಲೂ ವಿದ್ಯುತ್ ಹರಿಯುತ್ತದೆ. ಮೀಟರ್ ಪೆಟ್ಟಿಗೆಯೊಳಗಿನ ಗೂಡಿಗೆ ನೀರು ಹೊಡೆಯದೆ ಲೈನ್‌ಮನ್‌ಗೆ ಹೇಳಿ. ಬೆಳಿಗ್ಗೆ ತೊಟ್ಟಿನ ಗುರುತನ್ನು ಕೆರೆದು ತೊಳೆದು ಸುಣ್ಣ ಬಳಿಯಿರಿ.

ಸೊಳ್ಳೆಯ ಸ್ಪ್ರೇ ಆಗದೇ ಎಂದು ಕೇಳುವವರಿದ್ದಾರೆ. ಹುಳ ಸಾಯುತ್ತದೆ, ಆದರೆ ತೀರಾ ಹತ್ತಿರ ಹೋಗಬೇಕು, ಬಚ್ಚಲ ಒಲೆಯ ಬೆಂಕಿಗೆ ತಾಗಿದರೆ ಹೊತ್ತಿಕೊಳ್ಳುತ್ತದೆ. ಬಾವಿಕಟ್ಟೆಯ ಮೇಲಂತೂ ಸಲ್ಲದು. ಗೋಡೆಯ ಬಿರುಕಿನ ಗೂಡಿಗೆ ಸಿಮೆಂಟು ಮೆತ್ತುವುದು ಇನ್ನೂ ಕೆಟ್ಟ ಉಪಾಯ: ದಾರಿ ಹುಡುಕುತ್ತಾ ಮಲಗುವ ಕೋಣೆಯೊಳಗೇ ಬರುತ್ತವೆ.

ಹುಳ ಎದ್ದೇಬಿಟ್ಟರೆ ಕೈ ಬೀಸದೆ, ಅಂಗಿ ಮುಖಕ್ಕೆಳೆದುಕೊಂಡು ಓಡಿ ಬಾಗಿಲು ಹಾಕಿಕೊಳ್ಳಿ. ಕಚ್ಚಿದ ಜಾಗವನ್ನು ಸೋಪಿನಲ್ಲಿ ತೊಳೆದು ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು ನಿಮಿಷ ಒತ್ತಿ. ಉಂಗುರ, ಬಳೆ ಬಾವು ಬರುವ ಮೊದಲೇ ತೆಗೆಯಿರಿ. ಸುಣ್ಣ ಹಚ್ಚುವ ರೂಢಿಯಿದೆ, ಕಣ್ಣಿನ ಸುತ್ತ ಅದು ವಿಷಕ್ಕಿಂತ ಅಪಾಯ. ಮೈಯೆಲ್ಲ ದದ್ದು, ತುಟಿ ನಾಲಿಗೆಯ ಬಾವು, ಉಸಿರಿನ ಕಷ್ಟ, ವಾಂತಿ, ತಲೆಸುತ್ತು ಇವುಗಳಲ್ಲಿ ಯಾವುದು ಕಂಡರೂ ಮಾತ್ರೆ ನುಂಗಿ ಕಾಯಬೇಡಿ. ಆಗ ಬೇಕಾದದ್ದು ತೊಡೆಗೆ ಅಡ್ರಿನಾಲಿನ್ ಚುಚ್ಚುಮದ್ದು. 108ಕ್ಕೆ ಫೋನ್ ಮಾಡಿ. ಘಟ್ಟದ ಮೇಲಿನ ಒಂಟಿ ಮನೆಯವರು ಆಂಬುಲೆನ್ಸ್ ಬರುವ ಹೊತ್ತನ್ನು ಲೆಕ್ಕ ಹಾಕಿ, ಬೇಕಾದರೆ ಸಿಕ್ಕ ವಾಹನದಲ್ಲೇ ಹೊರಡಿ. ದೊಡ್ಡ ಕಡಜ ಹತ್ತಾರು ಕಡೆ ಕಚ್ಚಿದ್ದರೆ ಆರಾಮಾಗಿದ್ದೇನೆ ಎನಿಸಿದರೂ ಆಸ್ಪತ್ರೆ ಸೇರಲೇಬೇಕು. ಆ ವಿಷ ಸ್ನಾಯು ಕರಗಿಸಿ ಮೂತ್ರಪಿಂಡ ಕೆಡಿಸಬಲ್ಲದು, ಅದು ಗೊತ್ತಾಗುವುದು ಒಂದೆರಡು ದಿನ ಕಳೆದು ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದಾಗ ಅಥವಾ ತೀರಾ ಕಡಿಮೆಯಾದಾಗ.