ಕೌದಿ ಕೇಳಿದ ಆಯಿಗೆ ಹತ್ತು ರೂಪಾಯಿ ನಾಣ್ಯ

ಹೋದ ಜನವರಿಯಲ್ಲಿ ಮುಂಬೈಯ ಲಾಲ್‌ಬಾಗ್‌ನಿಂದ ಒಂದು ಫೋನ್ ಬಂತು. ಮಾತಾಡಿದವಳು ಮರಾಠಿ ಹೆಣ್ಣುಮಗಳು. "ನಿಮಗೆ ಕನ್ನಡ ಬರುತ್ತಂತೆ. ನಮ್ಮ ಅತ್ತೆ ರಾತ್ರಿಯೆಲ್ಲ ದುಡ್ಡು ಕೇಳ್ತಾರೆ, ಕೊಟ್ಟರೆ ಎಸೀತಾರೆ. ಒಂದ್ಸಲ ಬಂದು ಮಾತಾಡಿಸ್ತೀರಾ?"

ವಯಸ್ಸಾದವರಿಗಾಗಿ ಕೆಲಸ ಮಾಡೋ ಒಂದು ಸಣ್ಣ ಸಂಸ್ಥೆಯಲ್ಲಿ ನಾನಿದ್ದೇನೆ, ಒಂಬತ್ತು ವರ್ಷ ಆಯ್ತು. ಬೆಳೆದದ್ದು ಡೊಂಬಿವ್ಲಿಯಲ್ಲಿ, ಅಮ್ಮನ ಊರು ವಿಜಯಪುರದ ಕಡೆ. ಎಂಎಸ್‌ಡಬ್ಲ್ಯೂ ಅಂತ ಸಮಾಜಕಾರ್ಯ ಓದಿದ್ದೇನೋ ಹೌದು, ಆದರೆ ಮುಂಬೈಯಲ್ಲಿ ನನ್ನನ್ನು ಜನ ಹುಡುಕಿಕೊಂಡು ಬರೋದು ಅಮ್ಮನಿಂದ ಬಂದ ಅಡುಗೆಮನೆ ಕನ್ನಡಕ್ಕೆ. ಸಂಬಳವೂ ಹಾಗೇ ಇದೆ ಅನ್ನಿ.

ಕರಿ ರೋಡ್‌ನಲ್ಲಿ ಇಳಿದು ನಡೆದು ಹೋದೆ. ಮೊದಲು ಒಂದೊಂದೇ ಕೋಣೆಯ ಮನೆಗಳ ಚಾಳು ಇದ್ದ ಜಾಗದಲ್ಲಿ ಈಗ ಎತ್ತರದ ಕಟ್ಟಡ, ಹಳೇ ಬಾಡಿಗೆದಾರರಿಗೆಲ್ಲ 300 ಚದರಡಿ ಮನೆ. ಹದಿನೇಳನೇ ಮಹಡಿ. ಒಳಗೇ ಸಂಡಾಸು, ಲಿಫ್ಟು, ಎಲ್ಲ ಇದೆ. ಚಾಳಿನ ಪಡಸಾಲೆ ಮಾತ್ರ ಇಲ್ಲ. ಅಲ್ಲಿ ಬಾಗಿಲು ತೆಗೆದು ಕೂತರೆ ಸಾಕಿತ್ತು, ಬೇಡ ಅಂದರೂ ಹತ್ತು ಜನ ಮಾತಾಡಿಸಿ ಹೋಗೋರು. ಇಲ್ಲಿ ಎಲ್ಲ ಬಾಗಿಲೂ ಮುಚ್ಚಿರುತ್ತೆ. ಕಟ್ಟಡ ಹೊಸದಾದ ಮೇಲೆ ಮುದುಕರು ಬೇಗ ಕುಗ್ಗೋದನ್ನ ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಆಯಿ ಬಾಗಲಕೋಟೆ ಕಡೆಯವರು. ಗಂಡ ಬಟ್ಟೆ ಗಿರಣಿಯಲ್ಲಿದ್ದರು. 1982ರ ಜನವರಿಯಲ್ಲಿ ಮುಷ್ಕರ ಶುರುವಾಗಿ ಮುಂಬೈಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮನೆಯಲ್ಲಿ ಕೂತರಲ್ಲ, ಅವರಲ್ಲಿ ಇವರೂ ಒಬ್ಬರು. ಕೆಲಸ ಮತ್ತೆ ಸಿಗಲೇ ಇಲ್ಲ. ಆಗ ಆಯಿ ಚಾಳಿನ ಒಂದೇ ಕೋಣೆಯಲ್ಲಿ ಖಾನಾವಳಿ ತೆರೆದರು. ದಿನಾ ಇಪ್ಪತ್ತು ಗಂಡಸರಿಗೆ ಭಾಕ್ರಿ ಬಡಿದವರು, ಮಾರ್ಕೆಟ್ಟಿನಲ್ಲಿ ಮರಾಠಿಯಲ್ಲಿ ಜಗಳಾಡಿ ತರಕಾರಿ ತಂದವರು. ಆ ಮರಾಠಿ ಈಗ ಪೂರ್ತಿ ಹೋಗಿಬಿಟ್ಟಿದೆ. ಮರೆವಿನ ಕಾಯಿಲೆ. ಆಮೇಲೆ ಕಲಿತ ಭಾಷೆ ಮೊದಲು ಜಾರೋದು, ಚಿಕ್ಕಂದಿನದು ಕೊನೆತನಕ ಉಳಿಯೋದು ಈ ಕಾಯಿಲೆಯಲ್ಲಿ ಹಲವರಿಗೆ ಆಗುತ್ತೆ. ಮಗ ಓದಿದ್ದು ಮರಾಠಿ ಶಾಲೆ, ಅವನ ಕನ್ನಡ "ಬಾ, ಹೋಗು, ಊಟ"ಕ್ಕೆ ಮುಗಿಯುತ್ತೆ. ಸೊಸೆ ಸಾತಾರಾದವಳು, ಅವಳಿಗೆ ಅದೂ ಇಲ್ಲ.

ಹಾಸಿಗೆ ಪಕ್ಕ ಕೂತು "ಆಯಿ, ಏನ ಬೇಕ್ರಿ?" ಅಂದೆ. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ, "ಕೌದಿ ಕೊಡವಾ. ಥಂಡಿ ಆಗೇತಿ."

ಅಷ್ಟೇ ರೀ. ಹಳೇ ಸೀರೆ ಸೇರಿಸಿ ಕೈಯಲ್ಲಿ ಹೊಲಿದ ಹೊದಿಕೆ. ಇವರ ಮರಾಠಿ ಕಿವಿಗೆ ಅದು "ಕವಡಿ", ಅಂದರೆ ಕವಡೆಯಾಗಿ ಕೇಳಿಸಿದೆ. ನನ್ನ ಹತ್ತಿರ ಕವಡೆ ಕಾಸಿಲ್ಲ ಅಂತ ಅತ್ತೆ ಕೊರಗ್ತಿದ್ದಾರೆ ಅಂದುಕೊಂಡು, ಪಾಪ, ನಾಲ್ಕು ತಿಂಗಳಿಂದ ರಾತ್ರಿ ರಾತ್ರಿ ಎದ್ದು ಅವರ ಕೈಗೆ ಹತ್ತು ರೂಪಾಯಿ ನಾಣ್ಯ ಇಡ್ತಿದ್ದಾಳೆ ಸೊಸೆ. ತಣ್ಣಗಿನ ನಾಣ್ಯ, ಅದೂ ಜನವರಿಯಲ್ಲಿ. ಎಸೆಯದೆ ಇನ್ನೇನು ಮಾಡ್ತಾರೆ?

ಕೌದಿ ಎಲ್ಲಿ ಅಂತ ಕೇಳಿದೆ. ಮನೆ ಬದಲಿಸುವಾಗ ಎಸೆದರಂತೆ. ನನ್ನ ದನಿ ಸ್ವಲ್ಪ ಜೋರಾಯ್ತು, ಒಪ್ಪಿಕೊಳ್ಳುತ್ತೇನೆ. "ಒಮ್ಮೆಯಾದರೂ ಗಂಡನ ಊರಿನವರಿಗೆ ಫೋನ್ ಮಾಡಿ ಕೇಳೋಕಾಗ್ಲಿಲ್ವಾ?" ಅಂದೆ. ಅವಳು ಮೂಲೆಯಲ್ಲಿದ್ದ ಬಕೆಟ್ ತೋರಿಸಿದಳು. ಬೆಳಗಿನ ಜಾವ ಬದಲಿಸಿದ ಹಾಸಿಗೆ ಬಟ್ಟೆ ಅದರಲ್ಲಿತ್ತು. "ತಾಯಿ, ನಾನು ಸರಿಯಾಗಿ ಮಲಗಿ ನಾಲ್ಕು ತಿಂಗಳಾಯ್ತು. ಎಂಟೂವರೆಗೆ ಕೆಲಸಕ್ಕೆ ಹೊರಡಬೇಕು." ನಾನು ಸುಮ್ಮನಾದೆ. ಈ ಕೆಲಸದಲ್ಲಿ ನಾನು ಮಾಡೋ ತಪ್ಪು ಪ್ರತಿಸಲ ಇದೇ, ಮುದುಕರ ಕಡೆ ವಾಲಿಕೊಂಡು ಹೋಗಿ ಅವರ ಉಚ್ಚೆ ಬಳಿಯೋ ಕೈಗಳನ್ನೇ ಬೈಯೋದು.

ಅವತ್ತು ಇಬ್ಬರೂ ಕೂತು ಒಂದು ಪಟ್ಟಿ ಮಾಡಿದೆವು. ನೀರು, ಹಸಿವು, ಬ್ಯಾನಿ (ನೋವು), ಉಚ್ಚೆ, ಒಲ್ಲೆ, ಕೌದಿ. ದೇವನಾಗರಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದಳು. "ಒಲ್ಲೆ" ಅನ್ನೋದನ್ನ ಹತ್ತು ಸಲ ಹೇಳಿಸಿಕೊಂಡಳು. ಅತ್ತೆ ದಿನಕ್ಕೆ ಐವತ್ತು ಸಲ ಹೇಳೋದು ಅದನ್ನೇ ಅಂತೆ.

ಎಲ್ಲ ಮನೆಯಲ್ಲೂ ಇಷ್ಟು ಸುಲಭವಾಗಿ ಗಂಟು ಬಿಚ್ಚಲ್ಲ. ಮಗನ ಹೆಸರಿಗೆ ಖೋಲಿ ಬರೆದುಕೊಟ್ಟು ಈಗ ಬಾಲ್ಕನಿಯಲ್ಲಿ ಮಲಗೋ ಒಬ್ಬ ಅಜ್ಜನಿದ್ದಾರೆ. 2007ರ ಹಿರಿಯ ನಾಗರಿಕರ ಕಾಯ್ದೆ ಇದೆ, ನೋಡಿಕೊಳ್ಳಬೇಕು ಅನ್ನೋ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನ ನ್ಯಾಯಮಂಡಳಿ ರದ್ದು ಮಾಡಬಹುದು, ಜೀವನಾಂಶ ಕೊಡಿಸಬಹುದು, ಎಲ್ಲ ಬಿಡಿಸಿ ಹೇಳಿದೆ. ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿದರೂ ದಾರಿ ಹೇಳ್ತಾರೆ ಅಂದೆ. ಅಜ್ಜ ಸಮಾಧಾನವಾಗಿ ಕೇಳಿಸಿಕೊಂಡು, "ಕೇಸು ಹಾಕಿ ಬಂದ ಮೇಲೆ ಸಂಜೆ ಊಟ ಯಾರ ಮನೆಯಲ್ಲಿ ಮಾಡಲಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ನಗಿಸೋರೂ ಇದ್ದಾರೆ. ಮಾಟುಂಗಾದಲ್ಲಿ ಕುಂದಾಪುರ ಕಡೆಯ ಒಬ್ಬರು, ಹನ್ನೊಂದನೇ ವಯಸ್ಸಿಗೆ ಹೋಟೆಲಿಗೆ ಬಂದು ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ಒಂದು ಕಂಪನಿ ಕ್ಯಾಂಟೀನ್ ಸೇರಿದವರು. ಪಿಎಫ್ ಪಿಂಚಣಿ ಸಾವಿರದ ಚಿಲ್ಲರೆ ಬರುತ್ತೆ. ಅದಕ್ಕೆ ವರ್ಷಕ್ಕೊಮ್ಮೆ ಬದುಕಿದ್ದೇನೆ ಅಂತ ತೋರಿಸಬೇಕು. ಹೆಬ್ಬೆಟ್ಟು ಯಂತ್ರದ ಮೇಲೆ ಇಟ್ಟರೆ ಗುರುತೇ ಸಿಗಲ್ಲ. ತೊಳೆಯೋ ಸೋಡಾದ ನೀರು, ಬೂದಿ, ಬಿಸಿ ಕಾವಲಿ ಸೇರಿ ಗೆರೆಯೆಲ್ಲ ತಿಂದು ಹಾಕಿವೆ, ಮುಟ್ಟಿದರೆ ನುಣ್ಣಗೆ ಸಾಬೂನಿನ ಬಿಲ್ಲೆ ಥರ. ಒಂದು ಬ್ಯಾಂಕಿನಲ್ಲಿ ಮೂರು ಸಲ ವಾಪಸ್ ಕಳಿಸಿದರು. ಈಗ ಮೊಬೈಲಿನಲ್ಲಿ ಮುಖ ತೋರಿಸಿದರೂ ನಡೆಯುತ್ತೆ, ಆದರೆ ಆ ಆ್ಯಪ್ ಕಣ್ಣು ಮಿಟುಕಿಸಿ ಅನ್ನುತ್ತೆ. ಪೊರೆ ಬಂದ ಕಣ್ಣು ಬೇರೆ. "ಎಂತ ಮಾರಾಯ್ತಿ, ಬದುಕಿದ್ದೇನೆ ಅಂತ ತೋರಿಸ್ಲಿಕ್ಕೆ ಈ ವಯಸ್ಸಲ್ಲಿ ಕಣ್ಣು ಹೊಡೀಬೇಕಾ?" ಅಂದರು. ಹಸಿರು ಗುರುತು ಬಂದಾಗ ಇಬ್ಬರಿಗೂ ಕಾಫಿ ಮಾಡಿದರು. ನಾನು ಲೋಟ ತೊಳೆಯೋಕೆ ಹೋದರೆ ಬಿಡಲಿಲ್ಲ, ಅದು ತನ್ನ ಡಿಪಾರ್ಟ್‌ಮೆಂಟ್ ಅಂತೆ.

ಕೌದಿ ವಿಷಯಕ್ಕೆ ಬರ್ತೇನೆ. ಅಮ್ಮನ ಟ್ರಂಕಿನಲ್ಲಿ ಒಂದಿತ್ತು, ಅಮ್ಮ ಮದುವೆಯ ಹೊಸದರಲ್ಲಿ ಹೊಲಿದದ್ದು. ಕೇಳಿದಾಗ ಮೊದಲು ಮುಖ ಸಿಂಡರಿಸಿದರು, ಮಾರನೇ ದಿನ ಬಿಸಿಲಿಗೆ ಹಾಕಿ, ಮಡಚಿ, ಚೀಲದಲ್ಲಿಟ್ಟು ಕೊಟ್ಟರು. ಬೆಳಗಿನ ಲೋಕಲ್‌ನಲ್ಲಿ ಅದನ್ನ ತಬ್ಬಿಕೊಂಡು ನಿಂತ ನನ್ನನ್ನ ಹೆಂಗಸರೆಲ್ಲ ಎಷ್ಟು ಬೈದರು ಅಂತೀರಾ.

ಆಯಿ ಹೊದ್ದುಕೊಳ್ಳಲಿಲ್ಲ. ಕೌದಿಯನ್ನ ತೊಡೆ ಮೇಲೆ ಹರಡಿಕೊಂಡು ಹೊಲಿಗೆಯ ಸಾಲಿನ ಮೇಲೆ ಬೆರಳು ಎಳೆಯುತ್ತಾ ಹೋದರು, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ. ಒಂದು ಕಡೆ ಬೆರಳು ನಿಂತಿತು.

"ಇದನ್ನ ಯಾರ ಹೊಲದಾರ?"

"ನಮ್ಮವ್ವ, ಆಯಿ."

"ಏನ ಹೊಲಗಿ ಇದು? ಒಂದೊಂದು ಗೇಣುದ್ದ ಹಾಕ್ಯಾಳ. ಮೈಗಳ್ಳಿ."

ಸೊಸೆ ಬಾಗಿಲಲ್ಲಿ ನಿಂತು ಏನಂದ್ರು ಏನಂದ್ರು ಅಂತ ಕೇಳಿದಳು. ಹೇಳಿದೆ. ಅವಳು ನಕ್ಕಿದ್ದನ್ನ ನಾನು ನೋಡಿದ್ದು ಅದೇ ಮೊದಲು. ಅಷ್ಟರಲ್ಲಿ ಆಯಿ ಎರಡು ಬೆರಳು ಜೋಡಿಸಿ ಗಾಳಿಯಲ್ಲಿ ಹೊಲಿಯೋ ಸನ್ನೆ ಮಾಡಿ, "ಸೂಜಿ ತಾ" ಅಂದರು. ಅದನ್ನ ನಾನು ಮರಾಠಿಗೆ ತಿರುಗಿಸಬೇಕಾಗಲಿಲ್ಲ, ಅವಳು ಆಗಲೇ ಕಪಾಟು ತೆಗೆದು ಸೂಜಿ ದಾರದ ಡಬ್ಬಿ ಹುಡುಕ್ತಿದ್ದಳು.